ಗಾಯಾಳು ಇಲ್ಲಿ, ತಜ್ಞರು ಅಲ್ಲಿ!

ಮಕ್ಕಳೇ, ಕೈ ಮುರಿದವರ ಕ್ಷ-ಕಿರಣ ಚಿತ್ರವನ್ನು ನೀವು ನೋಡಿರಬಹುದು. ಕಪ್ಪು ಹಾಳೆಯ ಮೇಲೆ ಮೂಳೆಗಳು ಬೆಳ್ಳಗೆ ಕಾಣುತ್ತವೆ. ಏಕೆ ಗೊತ್ತೇ? ಮಾಂಸಕ್ಕಿಂತ ಮೂಳೆ ಈ ಕಿರಣಗಳನ್ನು ಹೆಚ್ಚು ತಡೆಯುತ್ತದೆ. ಕಿರಣ ತಾಗಿದ ಕಡೆ ಫಿಲ್ಮ್ ಕಪ್ಪಾಗುತ್ತದೆ, ತಾಗದ ಕಡೆ ಬಿಳಿಯಾಗಿ ಉಳಿಯುತ್ತದೆ. ಈ ಕಿರಣಗಳನ್ನು 1895ರಲ್ಲಿ ಜರ್ಮನಿಯ ವಿಜ್ಞಾನಿ ರಾಂಟ್ಜನ್ ಕಂಡುಹಿಡಿದರು.

ಯುದ್ಧಭೂಮಿಯಲ್ಲಿ ಕ್ಷ-ಕಿರಣ

ಮೊದಲ ಮಹಾಯುದ್ಧದಲ್ಲಿ (1914–18) ಮೇರಿ ಕ್ಯೂರಿ ಅವರು ಕ್ಷ-ಕಿರಣ ಯಂತ್ರಗಳನ್ನು ಮೋಟಾರು ವಾಹನಗಳಲ್ಲಿರಿಸಿ ಫ್ರಾನ್ಸಿನ ಯುದ್ಧಭೂಮಿಗೆ ಕೊಂಡೊಯ್ದರು. ಸೈನಿಕನ ಮೈಯೊಳಗೆ ಗುಂಡು ಎಲ್ಲಿದೆ ಎಂಬುದು ವೈದ್ಯರಿಗೆ ತಿಳಿಯುವಂತಾಯಿತು.

ಆದರೂ ತೊಂದರೆಗಳು ಉಳಿದವು. ಫಿಲ್ಮ್ ತೊಳೆಯಲು ಕತ್ತಲೆ ಕೋಣೆ, ರಾಸಾಯನಿಕಗಳು, ಶುದ್ಧ ನೀರು ಬೇಕು. ಚಿತ್ರವನ್ನು ಓದಬಲ್ಲ ತಜ್ಞರು ಪ್ರತಿಯೊಂದು ಡೇರೆ ಆಸ್ಪತ್ರೆಯಲ್ಲೂ ಇರುವುದಿಲ್ಲ. ಗಾಯಾಳುವನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕೇ, ಇಲ್ಲಿನ ಚಿಕಿತ್ಸೆಯೇ ಸಾಕೇ? ತೀರ್ಮಾನ ತಪ್ಪಿದರೆ ಜೀವಕ್ಕೇ ಅಪಾಯ.

ಚಿತ್ರವೇ ಸಂಖ್ಯೆ!

ಇದಕ್ಕೊಂದು ಪರಿಹಾರ ಡಿಜಿಟಲ್ ಚಿತ್ರ. ಇದರ ಒಂದು ವಿಧಾನದಲ್ಲಿ ಫಿಲ್ಮಿನ ಬದಲು ವಿಶೇಷವಾದ ಫಲಕವೊಂದಿರುತ್ತದೆ. ಅದು ಕ್ಷ-ಕಿರಣದ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಲೇಸರ್ ಬೆಳಕು ಅದರ ಮೇಲೆ ಹಾಯ್ದಾಗ, ಶಕ್ತಿ ಸೇರಿದ್ದ ಜಾಗ ಮಿನುಗುತ್ತದೆ. ಆ ಮಿನುಗನ್ನು ಯಂತ್ರ ಅಳೆದು, ಚುಕ್ಕಿಗೊಂದು ಸಂಖ್ಯೆ ಕೊಡುತ್ತದೆ. ಫಲಕವನ್ನು ಸ್ಲೇಟಿನಂತೆ ಅಳಿಸಿ ಮತ್ತೆ ಬಳಸಬಹುದು.

ಈಗ ಒಂದು ಲೆಕ್ಕ. ಒಂದು ಚಿತ್ರದಲ್ಲಿ 2000 ಸಾಲು, ಸಾಲಿಗೆ 2000 ಚುಕ್ಕಿ ಇವೆ ಎನ್ನೋಣ. ಒಟ್ಟು 40 ಲಕ್ಷ ಚುಕ್ಕಿಗಳಾದವು. ಚುಕ್ಕಿಗೆ 16 ಬಿಟ್‌ನಂತೆ 6 ಕೋಟಿ 40 ಲಕ್ಷ ಬಿಟ್! ಸೆಕೆಂಡಿಗೆ 56,000 ಬಿಟ್ ಸಾಗಿಸುವ ಹಳೆಯ ದೂರವಾಣಿ ತಂತಿಯಲ್ಲಿ ಇದಕ್ಕೆ ಸುಮಾರು 19 ನಿಮಿಷ ಬೇಕು. ಸೆಕೆಂಡಿಗೆ 1 ಕೋಟಿ ಬಿಟ್ ಸಾಗಿಸುವ ಸಂಪರ್ಕದಲ್ಲಿ ಏಳು ಸೆಕೆಂಡೂ ಬೇಡ.

ಹೀಗೆ ಚಿತ್ರವನ್ನು ದೂರಕ್ಕೆ ಕಳುಹಿಸಿ ತಜ್ಞರಿಂದ ಓದಿಸುವುದೇ ಟೆಲಿರೇಡಿಯಾಲಜಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮ್ಯಾಡಿಗನ್ ಸೇನಾ ಆಸ್ಪತ್ರೆ 1990ರ ದಶಕದಲ್ಲೇ ಫಿಲ್ಮ್ ಬಿಟ್ಟು ಡಿಜಿಟಲ್ ಚಿತ್ರಕ್ಕೆ ಬದಲಾಯಿತು. 1996ರಲ್ಲಿ ಬೋಸ್ನಿಯಾದಲ್ಲಿದ್ದ ಅಮೆರಿಕದ ಸೇನಾ ಡೇರೆ ಆಸ್ಪತ್ರೆಯ ಚಿತ್ರಗಳನ್ನು ಜರ್ಮನಿಯಲ್ಲಿರುವ ಅದರ ದೊಡ್ಡ ಆಸ್ಪತ್ರೆಗೆ ಕಳುಹಿಸುವ ವ್ಯವಸ್ಥೆಯಾಯಿತು.

ಆದರೆ ಎಚ್ಚರ ಬೇಕು. ಒಬ್ಬರ ಚಿತ್ರಕ್ಕೆ ಇನ್ನೊಬ್ಬರ ಹೆಸರು ಸೇರಿದರೆ ಏನಾದೀತು, ಯೋಚಿಸಿ! ಅದಕ್ಕಾಗಿ ರೋಗಿಯ ಹೆಸರು, ಗುರುತಿನ ಸಂಖ್ಯೆ, ದಿನಾಂಕಗಳು ಚಿತ್ರದ ಕಡತದೊಳಗೇ ಇರುತ್ತವೆ. ವಿದ್ಯುತ್ತು ಅಥವಾ ಸಂಪರ್ಕ ಕೈಕೊಟ್ಟರೆ ಸ್ಥಳದಲ್ಲಿರುವ ವೈದ್ಯರೇ ಚಿತ್ರ ನೋಡಿ ತೀರ್ಮಾನಿಸಬೇಕು.

ಮಾಡಿ ನೋಡಿ

ಚೌಕಳಿ ಹಾಳೆಯಲ್ಲಿ 8 ಸಾಲು, ಸಾಲಿಗೆ 8 ಮನೆ ಗುರುತಿಸಿ. ಕೆಲವು ಮನೆಗಳಿಗೆ ಕಪ್ಪು ಬಳಿದು ಒಂದು ಚಿತ್ರ ಮಾಡಿ. ಕಪ್ಪಿಗೆ 0, ಬಿಳಿಗೆ 1 ಎಂದು ಸಾಲಾಗಿ ಓದಿ. ಬೆನ್ನು ತಿರುಗಿಸಿ ಕುಳಿತ ಗೆಳತಿ ಅದನ್ನು ಕೇಳಿ ಬರೆಯಲಿ. ಚಿತ್ರ ಸರಿಯಾಗಿ ಮೂಡಿತೇ? ಒಂದೇ ಒಂದು ಸಂಖ್ಯೆ ಬಿಟ್ಟು ಓದಿದರೆ ಏನಾಗುತ್ತದೆ?