ಕಾರಿನ ತಂಪು ಎಲ್ಲಿ ನಿಂತಿತು?

ಮೇ ತಿಂಗಳ ಮಧ್ಯಾಹ್ನ. ಬೀದರ್ ಜಿಲ್ಲೆಯ ಬಿಸಿಲು ಹೇಗಿರುತ್ತದೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಬಾಡಿಗೆ ಕಾರೊಂದು ಮಂಠಾಳದ ಅಜ್ಜಿಯೊಬ್ಬರನ್ನು ಕೂರಿಸಿಕೊಂಡು ಹುಮನಾಬಾದಿನ ಆಸ್ಪತ್ರೆಗೆ ಹೊರಟಿದೆ ಎಂದುಕೊಳ್ಳಿ. ಬಸವಕಲ್ಯಾಣ ದಾಟುವಷ್ಟರಲ್ಲಿ ಎ.ಸಿ.ಯಿಂದ ಬಿಸಿಗಾಳಿ ಬರತೊಡಗಿತು. ಚಾಲಕ ತಕ್ಷಣ ಕಿಟಕಿಗಳನ್ನು ತೆರೆದ. ಅಜ್ಜಿಯನ್ನು ಆಸ್ಪತ್ರೆಗೆ ಬಿಟ್ಟು, ಆಮೇಲೆ ಗ್ಯಾರೇಜಿಗೆ ಹೋದ. ಅವನು ಮಾಡಿದ್ದು ಸರಿ. ಬಿಸಿಲಲ್ಲಿ ನಿಂತ, ಕಿಟಕಿ ಮುಚ್ಚಿದ ಕಾರಿನ ಒಳಗೆ ಕೆಲವೇ ನಿಮಿಷಗಳಲ್ಲಿ ಹೊರಗಿಗಿಂತ ಹೆಚ್ಚು ಕಾವೇರುತ್ತದೆ. ಅದು ಪ್ರಾಣಕ್ಕೇ ಅಪಾಯ. ಅಂಥ ಕಾರಿನಲ್ಲಿ ನೀವು ಎಂದೂ ಆಟಕ್ಕಾಗಿ ಕೂರಬೇಡಿ.

ಈಗ ಗ್ಯಾರೇಜಿಗೆ ಹೋಗೋಣ. ಅಲ್ಲಿನ ಮಿಸ್ತ್ರಿ ದೋಷವನ್ನು ಹೇಗೆ ಹುಡುಕುತ್ತಾರೆ?

ತಂಪು ಹುಟ್ಟುವುದು ಹೇಗೆ?

ಬೆವರು ಆರುವಾಗ ಮೈ ತಂಪಾಗುತ್ತದೆ, ಅಲ್ಲವೆ? ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಕಾರಿನ ಎ.ಸಿ.ಯ ಕೊಳವೆಗಳಲ್ಲಿ ಸುಲಭವಾಗಿ ಆವಿಯಾಗುವ ಶೀತಕ ಎಂಬ ವಸ್ತು ಇರುತ್ತದೆ. ಅದು ಕಾರಿನ ಒಳಭಾಗದ ಶಾಖವನ್ನು ಹೀರಿ ಆವಿಯಾಗುತ್ತದೆ. ಆ ಆವಿಯನ್ನು ಕಂಪ್ರೆಸರ್ ಒತ್ತಿ ಮುಂದಕ್ಕೆ ತಳ್ಳುತ್ತದೆ. ಕಾರಿನ ಮುಂಭಾಗದಲ್ಲಿ ಅದು ಶಾಖವನ್ನು ಹೊರಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಈ ಸುತ್ತು ನಡೆಯುತ್ತಲೇ ಇರುತ್ತದೆ.

ಹೆಚ್ಚಿನ ಕಾರುಗಳಲ್ಲಿ ಕಂಪ್ರೆಸರನ್ನು ತಿರುಗಿಸುವುದು ಎಂಜಿನ್. ಎಂಜಿನ್ನಿನ ಬೆಲ್ಟು ಒಂದು ಗಾಲಿಯನ್ನು ಸದಾ ತಿರುಗಿಸುತ್ತಿರುತ್ತದೆ. ಗಾಲಿಯ ಪಕ್ಕದಲ್ಲಿ ತಂತಿಯ ಸುರುಳಿ ಇದೆ. ಸುರುಳಿಯಲ್ಲಿ ವಿದ್ಯುತ್ ಹರಿದರೆ ಅದು ವಿದ್ಯುತ್ಕಾಂತವಾಗಿ ಒಂದು ಉಕ್ಕಿನ ತಟ್ಟೆಯನ್ನು ‘ಟಕ್’ ಎಂದು ಗಾಲಿಗೆ ಎಳೆದು ಅಂಟಿಸುತ್ತದೆ. ಆಗ ಕಂಪ್ರೆಸರ್ ತಿರುಗುತ್ತದೆ. ಇದಕ್ಕೆ ಕ್ಲಚ್ ಎನ್ನುತ್ತಾರೆ. ವಿದ್ಯುತ್ ಬಾರದಿದ್ದರೆ ಗಾಲಿ ಸುಮ್ಮನೆ ತಿರುಗುತ್ತದೆ, ತಂಪು ಮಾತ್ರ ಹುಟ್ಟುವುದಿಲ್ಲ.

ವಿದ್ಯುತ್ತಿನ ದಾರಿ

ಕಾರಿನ ಬ್ಯಾಟರಿ 12 ವೋಲ್ಟಿನದು. ಸರಳ ಏರ್ಪಾಡಿರುವ ಕಾರಿನಲ್ಲಿ ವಿದ್ಯುತ್ತು ಈ ಆರು ಠಾಣೆಗಳನ್ನು ದಾಟಬೇಕು: ಫ್ಯೂಸ್, ಎ.ಸಿ. ಸ್ವಿಚ್ಚು, ತಾಪ ನೋಡಿಕೊಳ್ಳುವ ಥರ್ಮೋಸ್ಟಾಟ್, ಶೀತಕದ ಒತ್ತಡ ನೋಡಿಕೊಳ್ಳುವ ಸ್ವಿಚ್ಚು, ರಿಲೇ, ಕೊನೆಗೆ ಕ್ಲಚ್ಚಿನ ಸುರುಳಿ. ಅಲ್ಲಿಂದ ಬ್ಯಾಟರಿಗೆ ಮರಳಲು ಬೇರೆ ತಂತಿ ಬೇಕಿಲ್ಲ. ಕಾರಿನ ಲೋಹದ ಮೈಯೇ ಮರಳುವ ದಾರಿ.

ಈ ದಾರಿ ಮೂರು ಬಗೆಯಲ್ಲಿ ಕೆಡಬಹುದು. ತಂತಿ ಎಲ್ಲೋ ತುಂಡಾಗಬಹುದು. ತಂತಿಯ ಹೊದಿಕೆ ಸವೆದು, ಅದು ಕಾರಿನ ಮೈಗೆ ತಾಗಿ ವಿದ್ಯುತ್ತು ಅಡ್ಡದಾರಿ ಹಿಡಿಯಬಹುದು. ಆಗ ಫ್ಯೂಸ್ ಸುಡುತ್ತದೆ. ಇಲ್ಲವೆ ಜೋಡಣೆ ತುಕ್ಕು ಹಿಡಿದು ಹರಿವಿಗೆ ರೋಧ ಹೆಚ್ಚಬಹುದು. ಲೆಕ್ಕ ಮಾಡಿ ನೋಡಿ: ಸುರುಳಿಯ ರೋಧ 3 ಓಮ್ ಇದ್ದರೆ 12 ವೋಲ್ಟಿಗೆ 4 ಆಂಪಿಯರ್ ಹರಿಯುತ್ತದೆ. ತುಕ್ಕು ಇನ್ನೂ 3 ಓಮ್ ಸೇರಿಸಿದರೆ 2 ಆಂಪಿಯರ್ ಮಾತ್ರ. ಕಾಂತದ ಎಳೆತ ಕುಗ್ಗಿ ತಟ್ಟೆ ಜಾರುತ್ತದೆ.

ಮಿಸ್ತ್ರಿಯ ಪರೀಕ್ಷೆ

ಬೀದರಿನ ನೌಬಾದ್ ಬಳಿ ಬಹಮನಿ ಅರಸರ ಕಾಲದ ಕರೇಜ್ ಇದೆ. ಅದು ನೆಲದಡಿಯ ನೀರಿನ ಕಾಲುವೆ. ಅದರ ಉದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಕಿಂಡಿಗಳಿವೆ. ಕಿಂಡಿಯಲ್ಲಿ ಇಣುಕಿದರೆ ನೀರು ಅಲ್ಲಿಯವರೆಗೆ ಬಂದಿದೆಯೇ ಎಂದು ತಿಳಿಯುತ್ತದೆ. ಮಿಸ್ತ್ರಿಯ ಪರೀಕ್ಷಾ ದೀಪವೂ ಅಂಥದೇ ಕಿಂಡಿ. ದೀಪದ ಒಂದು ತಂತಿಯನ್ನು ಕಾರಿನ ಮೈಗೆ ಸಿಕ್ಕಿಸಿ, ಇನ್ನೊಂದನ್ನು ದಾರಿಯ ಒಂದೊಂದು ಠಾಣೆಗೆ ತಾಗಿಸುತ್ತಾರೆ. ದೀಪ ಹತ್ತಿದರೆ ವಿದ್ಯುತ್ತು ಅಲ್ಲಿಯವರೆಗೆ ಬಂದಿದೆ ಎಂದರ್ಥ.

ಚಾಲಕ, “ಮೊದ್ಲು ಗ್ಯಾಸ್ ತುಂಬ್ರಿ” ಎಂದ. ಮಿಸ್ತ್ರಿ ಅವಸರ ಮಾಡಲಿಲ್ಲ. ಮೊದಲು ನೋಡಿದರು, ಕೇಳಿಸಿಕೊಂಡರು. ಗಾಳಿ ಬರುತ್ತಿದೆ, ಅಂದರೆ ಫ್ಯಾನು ಸರಿ ಇದೆ. ಗಾಲಿ ತಿರುಗುತ್ತಿದೆ, ಬೆಲ್ಟೂ ಸರಿ. ಆದರೆ ‘ಟಕ್’ ಸದ್ದು ಇಲ್ಲ. ಹಾಗಾದರೆ ಕ್ಲಚ್ ಹಿಡಿಯುತ್ತಿಲ್ಲ.

ಆರು ಠಾಣೆಗಳಲ್ಲಿ ಅವರು ನಡುವಿನದನ್ನು ಮೊದಲು ಆರಿಸಿದರು. ಥರ್ಮೋಸ್ಟಾಟ್ ದಾಟಿದ ಮೇಲೆ ದೀಪ ಹತ್ತಿತು. ಒಂದೇ ಪರೀಕ್ಷೆಯಿಂದ ಮೂರು ಠಾಣೆಗಳು ನಿರ್ದೋಷಿಗಳಾದವು! ಆಮೇಲೆ ಒತ್ತಡದ ಸ್ವಿಚ್ಚಿನ ಆಚೆ ಬದಿಗೆ ತಾಗಿಸಿದರು. ದೀಪ ಹತ್ತಲಿಲ್ಲ. ವಿದ್ಯುತ್ತು ಇಲ್ಲೇ ನಿಂತಿದೆ.

“ಆ ಎರಡೂ ತಂತಿ ಕೂಡಿಸಿಬಿಡ್ರಿ, ಗಾಡಿ ತಂಪಾಗ್ತದ” ಎಂದ ಚಾಲಕ.

“ಬ್ಯಾಡ್ರಿ” ಎಂದರು ಮಿಸ್ತ್ರಿ. ಮಾಪಕ ಜೋಡಿಸಿ ಶೀತಕದ ಒತ್ತಡ ಅಳೆದರು. ಅದು ತೀರಾ ಕಡಿಮೆ ಇತ್ತು! ಕೊಳವೆಯ ಒಂದು ಕೂಡಿಕೆಯಲ್ಲಿ ಎಣ್ಣೆಯ ಕಲೆಯೂ ಕಂಡಿತು. ಅಲ್ಲಿಂದಲೇ ಶೀತಕ ಸೋರಿತ್ತು.

ಸ್ವಿಚ್ಚು ಕೆಟ್ಟಿರಲಿಲ್ಲ, ತನ್ನ ಕೆಲಸವನ್ನೇ ಮಾಡಿತ್ತು. ಕಂಪ್ರೆಸರಿಗೆ ಬೇಕಾದ ಎಣ್ಣೆ ಶೀತಕದ ಜೊತೆಗೇ ಸಾಗುತ್ತದೆ. ಶೀತಕ ಇಲ್ಲದೆ ತಿರುಗಿದರೆ ಕಂಪ್ರೆಸರ್ ಸವೆದು ಹಿಡಿದುಕೊಳ್ಳುತ್ತದೆ. ಅದನ್ನು ತಡೆಯಲೆಂದೇ ಸ್ವಿಚ್ಚು ದಾರಿ ಮುಚ್ಚಿತ್ತು. ಒತ್ತಡ ಸರಿ ಇದ್ದೂ ದಾರಿ ಮುಚ್ಚಿದ್ದರೆ ಮಾತ್ರ ಸ್ವಿಚ್ಚು ಕೆಟ್ಟಿದೆ ಎನ್ನಬಹುದಿತ್ತು. ಮಿಸ್ತ್ರಿ ಸೋರಿಕೆ ಮುಚ್ಚಿ, ಆಮೇಲಷ್ಟೇ ಶೀತಕ ತುಂಬಿದರು. ‘ಟಕ್’ ಸದ್ದು ಕೇಳಿಸಿತು.

ಸುಟ್ಟ ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಕಟ್ಟುವುದೂ ಇಂಥದೇ ತಪ್ಪು. ಕಾರಿರಲಿ, ಮನೆಯಿರಲಿ, ಅದರಿಂದ ತಂತಿ ಕಾದು ಬೆಂಕಿ ಹತ್ತಬಹುದು. ಫ್ಯೂಸ್ ಸುಟ್ಟರೆ ‘ಏಕೆ ಸುಟ್ಟಿತು?’ ಎಂದು ಮೊದಲು ಕೇಳಬೇಕು.

ಹೊಸ ಕಾರುಗಳಲ್ಲಿ ಈ ಆಜ್ಞೆಗಳನ್ನು ಪುಟ್ಟ ಕಂಪ್ಯೂಟರ್ ಕೊಡುತ್ತದೆ. ಅಲ್ಲಿ ದೀಪದ ಬದಲು ಮಲ್ಟಿಮೀಟರ್ ಬಳಸುತ್ತಾರೆ. ಹುಡುಕುವ ಕ್ರಮ ಮಾತ್ರ ಅದೇ.

ಮಾಡಿ ನೋಡಿ

ಎರಡು ಟಾರ್ಚ್ ಸೆಲ್ಲುಗಳನ್ನು ಸಾಲಾಗಿ ಜೋಡಿಸಿ. ಧನ ತುದಿಯಿಂದ ಹೊದಿಕೆ ತೆಗೆದ 8 ತಂತಿ ತುಂಡುಗಳನ್ನು ಒಂದಕ್ಕೊಂದು ಹೆಣೆಯಿರಿ. ಸೆಲ್ಲಿನ ತುದಿಯದೂ ಸೇರಿ 8 ಜೋಡಣೆಗಳಾದವು. ನಿಮಗೆ ಕಾಣದಂತೆ ಗೆಳತಿಯೊಬ್ಬಳು ಒಂದು ಜೋಡಣೆಯ ನಡುವೆ ಕಾಗದ ಸುತ್ತಿ, ಎಲ್ಲ ಜೋಡಣೆಗಳನ್ನೂ ಟೇಪಿನಿಂದ ಮುಚ್ಚಲಿ. ಟಾರ್ಚ್ ಬಲ್ಬಿನ ಒಂದು ತಂತಿಯನ್ನು ಸೆಲ್ಲಿನ ಋಣ ತುದಿಗೆ ಕಟ್ಟಿ, ಇನ್ನೊಂದರಿಂದ ತುಂಡುಗಳನ್ನು ಮುಟ್ಟುತ್ತ ದೋಷ ಹುಡುಕಿ. ನಾಲ್ಕನೆಯ ತುಂಡಿನಿಂದ ಆರಂಭಿಸಿ, ಪ್ರತಿ ಸಲ ಉಳಿದ ಭಾಗದ ನಡುವೆ ಮುಟ್ಟಿ. ಎಷ್ಟು ಪರೀಕ್ಷೆಗಳು ಬೇಕಾದವು? ಮೂರೇ ಸಾಕು. ಏಕೆಂದು ಯೋಚಿಸಿ.

ಎಚ್ಚರಿಕೆ: ಈ ಪ್ರಯೋಗಕ್ಕೆ ಟಾರ್ಚ್ ಸೆಲ್ಲು ಮಾತ್ರ ಬಳಸಿ. ಮನೆಯ ಪ್ಲಗ್ಗನ್ನಾಗಲಿ ವಾಹನದ ಬ್ಯಾಟರಿಯನ್ನಾಗಲಿ ಮುಟ್ಟಬೇಡಿ.