ಮೊದಲ ಮನೆಯವರ ಹಿಂಜರಿಕೆ, ದಳ್ಳಾಳಿಯ ಅವಸರ

ಮಂಡ್ಯ: ನಿವೇಶನ ನೋಡಿದ್ದಾಗಿದೆ, ಬೆಲೆ ಹೆಚ್ಚುಕಡಿಮೆ ಕುದುರಿದೆ, ಮನೆಮಂದಿಗೆಲ್ಲ ಜಾಗ ಹಿಡಿಸಿದೆ. ಆದರೂ ಮುಂಗಡ ಕೊಡುವ ದಿನ ಬಂದಾಗ ಕೊಳ್ಳುವವರ ಕೈ ಹಿಂದಕ್ಕೆ ಸರಿಯುತ್ತದೆ. ಆಷಾಢ ಕಳೆಯಲಿ ಎನ್ನುತ್ತಾರೆ, ಊರಿನಲ್ಲಿ ದೊಡ್ಡವರನ್ನೊಮ್ಮೆ ಕೇಳಬೇಕು ಎನ್ನುತ್ತಾರೆ, ಬಾಗಿಲು ದಕ್ಷಿಣಕ್ಕಿದೆಯಲ್ಲ ಎನ್ನುತ್ತಾರೆ. ಮಂಡ್ಯ, ಮದ್ದೂರು, ಮಳವಳ್ಳಿಯ ದಳ್ಳಾಳಿಗಳಿಗೆ ಈ ಮಾತುಗಳು ಹೊಸವಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಮನೆ ಕೊಳ್ಳಹೊರಟವರು ಮಾತನಾಡುವುದೇ ಹೀಗೆ. ಆ ಹಿಂಜರಿಕೆಯನ್ನು ದಳ್ಳಾಳಿ ಹೇಗೆ ನಿಭಾಯಿಸುತ್ತಾನೆ ಎಂಬುದರ ಮೇಲೆ ಒಂದು ಕುಟುಂಬದ ಹತ್ತಿಪ್ಪತ್ತು ವರ್ಷಗಳ ಉಳಿತಾಯ ನಿಂತಿರುತ್ತದೆ.

ನಿಭಾಯಿಸುವ ರೀತಿ ಎರಡು. "ನಾಳೆ ಬೆಳಿಗ್ಗೆ ಇನ್ನೊಂದು ಪಾರ್ಟಿ ಬತ್ತಾವ್ರೆ ಸಾ, ಇವತ್ತೇ ಒಂದಷ್ಟು ಕೊಟ್ಟು ಹಿಡ್ಕಬುಡಿ" ಎಂಬುದು ಒಂದು. "ಏನು ಅನುಮಾನ ಅಂತ ಬಾಯ್ಬುಟ್ಟು ಹೇಳಿ, ಅದುಕ್ಕೆ ಕಾಗ್ದ ತಂದ್ಕೊಡ್ತೀನಿ" ಎಂಬುದು ಇನ್ನೊಂದು. ಮೊದಲನೆಯದು ಹಿಂಜರಿಕೆಯನ್ನು ಮುರಿಯುತ್ತದೆ. ಎರಡನೆಯದು ಅದನ್ನು ಪ್ರಶ್ನೆಯಾಗಿ ಮಾಡಿ ಉತ್ತರ ಹುಡುಕುತ್ತದೆ. ಎರಡನೆಯ ಬಗೆಯ ದಳ್ಳಾಳಿಗಳು ಕಡಿಮೆ. ಇದಕ್ಕೆ ಅವರ ಸ್ವಭಾವಕ್ಕಿಂತ ಕಮಿಷನ್ನಿನ ಏರ್ಪಾಟೇ ಹೆಚ್ಚು ಕಾರಣ.

ಈ ಭಾಗದಲ್ಲಿ ಕಮಿಷನ್ ಸಾಮಾನ್ಯವಾಗಿ ಬೆಲೆಯ ಶೇ. 1ರಿಂದ 2. ಅದು ಕೈಸೇರುವುದು ನೋಂದಣಿಯ ದಿನ. ಒಬ್ಬ ಗ್ರಾಹಕನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹತ್ತು ಜಾಗ ತೋರಿಸಿದರೂ, ಕೊನೆಗೆ ಆತ ಕೊಳ್ಳದಿದ್ದರೆ ಪೆಟ್ರೋಲ್ ಖರ್ಚು ಕೂಡ ಹುಟ್ಟುವುದಿಲ್ಲ. "ಈ ಜಾಗ ಬೇಡ, ಬಿಡಿ" ಎಂದು ಹೇಳುವ ದಳ್ಳಾಳಿ ತನ್ನ ಕೂಲಿಯನ್ನು ತಾನೇ ಕಳೆದುಕೊಳ್ಳುತ್ತಾನೆ. ಬೇಡ ಎಂದು ಹೇಳಿದ್ದಕ್ಕೆ ಹಣ ಕೊಡುವವರು ಯಾರೂ ಇಲ್ಲ. ಹಾಗೆಂದು ಆತನನ್ನು ವಂಚಕನೆಂದು ತಿಳಿಯಬೇಕಿಲ್ಲ. ಯಾವ ಕಚೇರಿಯ ದಾಖಲೆಯಲ್ಲೂ ಇಲ್ಲದ ಸಂಗತಿಗಳು ಆತನಿಗೆ ಗೊತ್ತಿರುತ್ತವೆ: ಯಾವ ಅಣ್ಣತಮ್ಮಂದಿರ ನಡುವೆ ಮಾತಿಲ್ಲ, ಯಾರು ಸಾಲ ತೀರಿಸಲು ಮಾರುತ್ತಿದ್ದಾರೆ, ಯಾವ ಬೀದಿಯಲ್ಲಿ ಮಳೆ ನೀರು ನಿಲ್ಲುತ್ತದೆ. ಆತನ ತಿಳಿವಳಿಕೆಯನ್ನು ಬಳಸಿಕೊಳ್ಳಬೇಕು, ಆತನ ಅವಸರವನ್ನು ಮಾತ್ರ ಎರವಲು ಪಡೆಯಬಾರದು.

ಹೆದ್ದಾರಿಯ ಹೆಸರಿನಲ್ಲಿ

ಅವಸರಕ್ಕೆ ಇತ್ತೀಚಿನ ವರ್ಷಗಳಲ್ಲಿ ದೊಡ್ಡ ನೆಪವಾಗಿ ಒದಗಿರುವುದು ಬೆಂಗಳೂರು-ಮೈಸೂರು ದಶಪಥ. 118 ಕಿ.ಮೀ. ಉದ್ದದ ಈ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು. ಅಲ್ಲಿಂದೀಚೆಗೆ "ಹೆದ್ದಾರಿಗೆ ಐದೇ ನಿಮಿಷ" ಎಂಬ ಫಲಕವಿಲ್ಲದ ಬಡಾವಣೆ ಅಪರೂಪ. ಆದರೆ ಇದು ಹಳೆಯ ಬೆಂಗಳೂರು ರಸ್ತೆಯಂತಲ್ಲ. ಮದ್ದೂರು ಮತ್ತು ಮಂಡ್ಯ ಪಟ್ಟಣಗಳನ್ನು ಬೈಪಾಸ್ ಮೂಲಕ ಬಳಸಿಕೊಂಡು ಹೋಗುತ್ತದೆ, ಬೇಕಾದಲ್ಲಿ ಏರಿ ಇಳಿಯಲು ಬರುವುದಿಲ್ಲ. 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವನ್ನೂ ನಿಷೇಧಿಸಲಾಗಿದೆ. ಸ್ಕೂಟರಿನಲ್ಲಿ ಓಡಾಡುವ ಶಿಕ್ಷಕನಿಗೆ ಹೆದ್ದಾರಿ ಐದು ನಿಮಿಷದ ದೂರದಲ್ಲಿದ್ದರೇನು, ಐವತ್ತು ನಿಮಿಷದ ದೂರದಲ್ಲಿದ್ದರೇನು? ಆತನಿಗೆ ಬೇಕಿರುವುದು ಸರ್ವೀಸ್ ರಸ್ತೆ, ಬಸ್ ನಿಲ್ದಾಣ. ದಿನವೂ ಬೆಂಗಳೂರಿಗೆ ಹೋಗಿಬರುವವರಾದರೆ ರೈಲು ನಿಲ್ದಾಣ.

ಮಳವಳ್ಳಿಯ ಕಥೆ ಬೇರೆ. ಅಲ್ಲಿಗೆ ದಶಪಥವೂ ಇಲ್ಲ, ರೈಲೂ ಇಲ್ಲ. ಕನಕಪುರ, ಮಳವಳ್ಳಿ ಮಾರ್ಗವಾಗಿ ಹೆಜ್ಜಾಲದಿಂದ ಚಾಮರಾಜನಗರಕ್ಕೆ ಹಾಕಬೇಕಾದ ರೈಲು ಮಾರ್ಗದ ಮಾತು ದಶಕಗಳಿಂದ ಕೇಳಿಬರುತ್ತಲೇ ಇದೆ, ಮಳವಳ್ಳಿಗೆ ಹಳಿ ಬಂದಿಲ್ಲ. ಬರಲಿರುವ ರೈಲಿಗೆ ಇಂದೇ ಟಿಕೆಟ್ ಕೊಂಡಂತೆ ನಿವೇಶನಕ್ಕೆ ಬೆಲೆ ಕಟ್ಟುವುದು ಜಾಣತನವಲ್ಲ.

ಗದ್ದೆಯಿಂದ ಸೈಟಿಗೆ

ಈ ಸೀಮೆಯಲ್ಲಿ ಹಿಂಜರಿಕೆಗೆ ನಿಜವಾದ ಕಾರಣಗಳಿವೆ. ಅವುಗಳಲ್ಲಿ ಮೊದಲನೆಯದು ನೆಲದ್ದೇ. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಹರಿದು ಮಂಡ್ಯ ಜಿಲ್ಲೆಯ ಬಹುಭಾಗ ಭತ್ತ, ಕಬ್ಬಿನ ಗದ್ದೆಯಾಯಿತು. ಇಂದು ಪಟ್ಟಣದ ಅಂಚಿನಲ್ಲಿ ಕಲ್ಲು ನೆಟ್ಟು ಬಣ್ಣ ಬಳಿದಿರುವ ಎಷ್ಟೋ ನಿವೇಶನಗಳು ಅದೇ ಗದ್ದೆಗಳು. ಕೃಷಿಭೂಮಿಯಲ್ಲಿ ಮನೆ ಕಟ್ಟಬೇಕಾದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆ ಆಗಿರಬೇಕು. ಪರಿವರ್ತನೆಯಾದರಷ್ಟೇ ಸಾಲದು, ಬಡಾವಣೆಯ ನಕ್ಷೆಗೂ ಅನುಮೋದನೆ ಬೇಕು. ಮಂಡ್ಯ ನಗರದ ಸುತ್ತಮುತ್ತ ಆ ಕೆಲಸ ಮಂಡ್ಯ ನಗರಾಭಿವೃದ್ಧಿ ಪ್ರಾಧಿಕಾರದ್ದು. ಇವೆರಡೂ ಇಲ್ಲದೆ ಗುಂಟೆ ಲೆಕ್ಕದಲ್ಲಿ ತುಂಡರಿಸಿ ಮಾರುವುದೇ "ರೆವಿನ್ಯೂ ಸೈಟು". ಒಂದು ಗುಂಟೆಗೆ 1,089 ಚದರ ಅಡಿ, ಮೂವತ್ತು-ನಲವತ್ತರ ನಿವೇಶನಕ್ಕೆ 1,200. ಲೆಕ್ಕ ಹತ್ತಿರವಿರುವುದರಿಂದ ಮೊದಲ ಬಾರಿ ಕೊಳ್ಳುವವರಿಗೆ ವ್ಯತ್ಯಾಸ ಕಾಣುವುದೇ ಇಲ್ಲ, ಬೆಲೆ ಅಗ್ಗವೆಂಬುದು ಮಾತ್ರ ಕಾಣುತ್ತದೆ.

"ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಸಾ, ಕಾನೂನೇ ಬದಲಾಯ್ತಲ್ಲ" ಎಂಬ ಮಾತೂ ಕೇಳಿಬರುತ್ತದೆ. ಅದು ಅರ್ಧ ನಿಜ. ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು 2020ರ ತಿದ್ದುಪಡಿಯಲ್ಲಿ ಕೈಬಿಟ್ಟಿದ್ದರಿಂದ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಆದರೆ ಕೊಳ್ಳುವ ಹಕ್ಕು ಬೇರೆ, ಅಲ್ಲಿ ಮನೆ ಕಟ್ಟುವ ಹಕ್ಕು ಬೇರೆ.

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಆಸ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಬೇಕು. ಕೈಗೆ ಬಂದದ್ದು 11ಬಿ ಆಗಿದ್ದರೆ ಆ ಆಸ್ತಿ ಕ್ರಮಬದ್ಧವಲ್ಲವೆಂದೇ ಅರ್ಥ. ಪಟ್ಟಣ ವ್ಯಾಪ್ತಿಯಲ್ಲಿ ಇ-ಖಾತೆ. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ಇಂಥ ಆಸ್ತಿಗಳ ನೋಂದಣಿಯೇ ಇಲ್ಲವಾದ್ದರಿಂದ ಹಳೆಯ ಕೈಬರಹದ ಖಾತೆ ತೋರಿಸಿ ಮುಂಗಡ ಕೇಳುವವರ ಆಟ ಸ್ವಲ್ಪ ತಗ್ಗಿದೆ. ಅನಧಿಕೃತ ಬಡಾವಣೆಗಳ ಆಸ್ತಿಗಳಿಗೆ ರಾಜ್ಯದ ಇತರ ನಗರ, ಪಟ್ಟಣಗಳಲ್ಲೂ ಬಿ-ಖಾತೆ ಕೊಡಲು ಸರ್ಕಾರ 2025ರಲ್ಲಿ ತೀರ್ಮಾನಿಸಿತು. ಬಿ-ಖಾತೆ ಬಂದ ಮಾತ್ರಕ್ಕೆ ಬಡಾವಣೆ ಅಧಿಕೃತವಾಗುವುದಿಲ್ಲ, ಬ್ಯಾಂಕುಗಳೂ ಅಂಥ ಆಸ್ತಿಗೆ ಸಾಲ ಕೊಡಲು ಹಿಂದೆಮುಂದೆ ನೋಡುತ್ತವೆ.

ಕಾಗದ ಸರಿಯಿದ್ದರೂ ನೆಲ ನೋಡುವುದು ತಪ್ಪುವುದಿಲ್ಲ. ಗದ್ದೆಗೆ ಮಣ್ಣು ತುಂಬಿ ಎತ್ತರಿಸಿದ ಜಾಗದಲ್ಲಿ ತಳಪಾಯದ ಖರ್ಚು ಏರುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರುಕುಬಿಟ್ಟ ನಿವೇಶನವನ್ನು ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ಇನ್ನೊಮ್ಮೆ ನೋಡಿಬರುವುದು ಒಳ್ಳೆಯದು. ಅಷ್ಟು ಕಾಯಲು ಒಪ್ಪದ ದಳ್ಳಾಳಿ ಏಕೆ ಒಪ್ಪುತ್ತಿಲ್ಲವೆಂದು ಕೇಳಿದರೆ ತಪ್ಪೇನಿಲ್ಲ.

ಹೆಣ್ಣುಮಕ್ಕಳ ಸಹಿ

ಎರಡನೆಯ ಕಾರಣ ಮಾರುವವರ ಮನೆಯೊಳಗಿದೆ. ಪಹಣಿಯಲ್ಲಿ ಅಣ್ಣನ ಹೆಸರೊಂದೇ ಇರುತ್ತದೆ, ಆಸ್ತಿ ಪಿತ್ರಾರ್ಜಿತವಾಗಿರುತ್ತದೆ. ತಮ್ಮಂದಿರ ಸಹಿ ಹಾಕಿಸುವುದು ರೂಢಿ, ಮದುವೆಯಾಗಿ ಹೋದ ಅಕ್ಕತಂಗಿಯರದು ಮರೆತುಹೋಗುತ್ತದೆ. ಮಗಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಹಕ್ಕನ್ನು 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕೊಟ್ಟಿದೆ. ಆ ದಿನ ತಂದೆ ಬದುಕಿರಬೇಕಿತ್ತೆಂಬ ಕಟ್ಟುಪಾಡಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ಪಾಲಾಗಿಹೋದ ಆಸ್ತಿಗೆ ಮಾತ್ರ ವಿನಾಯಿತಿ. ಹೀಗಿರುವಾಗ "ಅವ್ರಿಗೆ ಮದ್ವೇಲೇ ಎಲ್ಲಾ ಕೊಟ್ಟಾಗದೆ, ಅವ್ರು ಯಾಕ್ ಬತ್ತಾರೆ" ಎಂಬ ಭರವಸೆಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿ ಹೆಸರಿನ ಎದುರು ಒಂದು ಸಹಿಯೋ ಹಕ್ಕು ಬಿಡುಗಡೆ ಪತ್ರವೋ ಇದೆಯೇ ಎಂದು ನೋಡುವುದೊಂದೇ ದಾರಿ. ಒಳ್ಳೆಯ ದಳ್ಳಾಳಿಯ ಯೋಗ್ಯತೆ ತಿಳಿಯುವುದು ಇಲ್ಲಿಯೇ. ಬೇರೆ ಊರಿನಲ್ಲಿರುವ ತಂಗಿಯನ್ನು ಒಪ್ಪಿಸಿ, ನೋಂದಣಿಯ ದಿನ ಕರೆತರುವ ಕೆಲಸ ವಕೀಲರಿಂದ ಆಗುವುದಲ್ಲ.

ಮೂರನೆಯದು ಇನ್ನೂ ಅಪಾಯಕಾರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವುದನ್ನು ಪಿಟಿಸಿಎಲ್ ಎಂದೇ ಹೆಸರಾದ 1978ರ ಕಾಯ್ದೆ ಅಸಿಂಧುಗೊಳಿಸುತ್ತದೆ. ಭೂಮಿ ಮರಳಿ ಕೊಡಿಸುವಂತೆ ಅರ್ಜಿ ಹಾಕಲು ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಹೇಳಿದೆ. ಬಡವರ ಭೂಮಿ ಕೈಜಾರದಿರಲೆಂಬ ಈ ಕಾನೂನು ನ್ಯಾಯವಾದದ್ದೇ. ಅಂಥ ಭೂಮಿ ನಾಲ್ಕು ಕೈ ದಾಟಿ ಬಡಾವಣೆಯಾದ ಮೇಲೆ ಕೊನೆಯಲ್ಲಿ ಕೊಂಡವರೇ ಪೆಟ್ಟು ತಿನ್ನಬೇಕಾಗುತ್ತದೆ. ಮೂಲ ಮಂಜೂರಾತಿ ಯಾರಿಗೆ, ಯಾವ ಷರತ್ತಿನ ಮೇಲೆ ಆಗಿತ್ತೆಂಬುದು ತಾಲ್ಲೂಕು ಕಚೇರಿಯ ಹಳೆಯ ಕಡತಗಳಿಂದ ತಿಳಿಯುತ್ತದೆ. ಇದನ್ನು ತಿಳಿಯದೆ ಮುಂಗಡ ಕೊಡುವುದು ಕಣ್ಣುಕಟ್ಟಿ ಬಾವಿಗೆ ಇಳಿದಂತೆ.

ಋಣಭಾರ ಪ್ರಮಾಣಪತ್ರ, ಅಂದರೆ ಎಲ್ಲರ ಬಾಯಲ್ಲಿ "ಇಸಿ", ತೋರಿಸಿ "ಎಲ್ಲಾ ಕ್ಲಿಯರ್" ಎನ್ನುವುದು ಸಾಮಾನ್ಯ. ಇಸಿ ಹೇಳುವುದು ನೋಂದಣಿಯಾದ ವ್ಯವಹಾರಗಳನ್ನು ಮಾತ್ರ. ಬಿಳಿ ಹಾಳೆಯ ಮೇಲಿನ ಕರಾರು, ಬಾಯಿಮಾತಿನ ಪಾಲು, ನ್ಯಾಯಾಲಯದಲ್ಲಿ ಕುಳಿತಿರುವ ದಾವೆ ಅದರಲ್ಲಿ ಕಾಣುವುದಿಲ್ಲ. ಜಿಪಿಎ ಮೇಲೆ ಮಾರಾಟ ಎಂಬುದನ್ನಂತೂ ಕೇಳಿದೊಡನೆ ಎದ್ದುಬರುವುದು ಲೇಸು. ಅದರಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ತೀರ್ಪಿತ್ತಿದೆ.

ದಳ್ಳಾಳಿಗೂ ಕಾನೂನಿದೆ

2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ, ದಳ್ಳಾಳಿಗಳನ್ನೂ ಹಿಡಿತಕ್ಕೆ ತಂದಿದೆ. ಕರ್ನಾಟಕದ ನಿಯಮಗಳು 2017ರ ಜುಲೈನಲ್ಲಿ ಬಂದವು. ಯೋಜನಾ ಪ್ರದೇಶದೊಳಗೆ 500 ಚದರ ಮೀಟರ್, ಅಂದರೆ ಸುಮಾರು ಐದು ಗುಂಟೆಗಿಂತ ದೊಡ್ಡದಾದ ಬಡಾವಣೆ ನೋಂದಣಿಯಾಗಲೇಬೇಕು. ಅಂಥ ಬಡಾವಣೆಯ ನಿವೇಶನ ಮಾರಿಸುವ ದಳ್ಳಾಳಿಯೂ ನೋಂದಣಿ ಪಡೆದಿರಬೇಕು, ನೋಂದಣಿಯಾಗದ ಬಡಾವಣೆಯನ್ನು ಆತ ಮಾರಿಸುವಂತಿಲ್ಲ. ತಪ್ಪಿದರೆ ದಿನಕ್ಕೆ 10 ಸಾವಿರ ರೂಪಾಯಿಯಂತೆ ದಂಡ ಬೆಳೆಯುತ್ತದೆ. ನೋಂದಾಯಿತ ಕರಾರು ಆಗದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡವನ್ನು ಬಡಾವಣೆದಾರ ಪಡೆಯುವಂತಿಲ್ಲ. ಆದರೆ ಅಶೋಕನಗರದಲ್ಲೋ ಸುಭಾಷ್ ನಗರದಲ್ಲೋ ಒಬ್ಬರ ಹಳೆಯ ಮನೆಯನ್ನು ಇನ್ನೊಬ್ಬರಿಗೆ ಕೊಡಿಸುವ ದಳ್ಳಾಳಿಗೆ ಈ ಕಾಯ್ದೆ ತಾಗುವುದಿಲ್ಲ. ಮೊದಲ ಮನೆ ಕೊಳ್ಳುವವರಲ್ಲಿ ಎಷ್ಟೋ ಮಂದಿ ಕೊಳ್ಳುವುದು ಇಂಥ ಹಳೆಯ ಮನೆಯನ್ನೇ. ಅಲ್ಲಿ ಕಾವಲಿಗಿರುವುದು ಕೊಳ್ಳುವವರ ಎಚ್ಚರ ಮತ್ತು ಒಬ್ಬ ವಕೀಲ ಮಾತ್ರ. ಆ ವಕೀಲರನ್ನು ದಳ್ಳಾಳಿ ತೋರಿಸುವ ಬದಲು ಕೊಳ್ಳುವವರೇ ಹುಡುಕಿಕೊಳ್ಳಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಹಣದ ಲೆಕ್ಕವನ್ನು ಬಾಯಿಮಾತಿಗೆ ಬಿಡದೆ ಕಾಗದದ ಮೇಲೆ ಬರೆದರೆ ಅರ್ಧ ಭಯ ಹೋಗುತ್ತದೆ. 30 ಲಕ್ಷ ರೂಪಾಯಿಗೆ ಪಟ್ಟಣದಲ್ಲೊಂದು ಹಳೆಯ ಮನೆ ಎಂದುಕೊಳ್ಳೋಣ. ಮುದ್ರಾಂಕ ಶುಲ್ಕ ಶೇ. 5ರಂತೆ ಒಂದೂವರೆ ಲಕ್ಷ, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ 18 ಸಾವಿರ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿಸಿದ್ದರಿಂದ 60 ಸಾವಿರ. ಅಲ್ಲಿಗೆ 2 ಲಕ್ಷದ 28 ಸಾವಿರ. ರಿಸರ್ವ್ ಬ್ಯಾಂಕಿನ ನಿಯಮದಂತೆ ಈ ಮಟ್ಟದ ಗೃಹಸಾಲ ಬೆಲೆಯ ಶೇ. 90 ದಾಟುವಂತಿಲ್ಲ, ಮುದ್ರಾಂಕದ ಖರ್ಚು ಆ ಲೆಕ್ಕಕ್ಕೆ ಸೇರುವುದೂ ಇಲ್ಲ. ಕೈಯಿಂದ ಹಾಕಬೇಕಾದ 3 ಲಕ್ಷ, ಶೇ. 1ರ ಕಮಿಷನ್ 30 ಸಾವಿರ ಕೂಡಿದರೆ ಕನಿಷ್ಠ 5 ಲಕ್ಷ 58 ಸಾವಿರ ರೂಪಾಯಿ ಸ್ವಂತದ್ದಾಗಿರಬೇಕು. "ಲೋನ್ ಪೂರ್ತಿ ಆಯ್ತದೆ" ಎಂದು ನಂಬಿ ಮುಂಗಡ ಕೊಟ್ಟವರು ಕೊನೆಗೆ ಚೀಟಿ ಕೂಗಿಯೋ ಒಡವೆ ಅಡವಿಟ್ಟೋ ಹಣ ಹೊಂದಿಸುವುದು ಈ 5 ಲಕ್ಷಕ್ಕಾಗಿಯೇ. ಒಡವೆ ಹೆಂಡತಿಯದು, ದಳ್ಳಾಳಿ ಮಾತನಾಡುವುದು ಮಾತ್ರ ಗಂಡನೊಡನೆ. ಮನೆಯಾಕೆಯನ್ನೂ ಕೂರಿಸಿಕೊಂಡು ಲೆಕ್ಕ ಹೇಳುವ ದಳ್ಳಾಳಿಗೆ ಆಮೇಲೆ ವ್ಯವಹಾರ ಮುರಿಯುವ ಭಯ ಕಡಿಮೆ.

ಬೆಲೆಯ ಒಂದು ಭಾಗವನ್ನು ನಗದಾಗಿ ಕೊಡಿ, ಮಾರ್ಗಸೂಚಿ ದರಕ್ಕೆ ಮಾತ್ರ ಪತ್ರ ಮಾಡಿಸೋಣ ಎಂಬ ಸಲಹೆಯೂ ಬರುತ್ತದೆ. ಸ್ಥಿರಾಸ್ತಿಗೆ 20 ಸಾವಿರ ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್‌ನಿಂದ ನಿಷೇಧಿಸಿದೆ. ಪತ್ರದಲ್ಲಿ ಬೆಲೆ ಇಳಿದರೆ ಸಾಲವೂ ಇಳಿಯುತ್ತದೆ. ನಾಳೆ ವ್ಯಾಜ್ಯವಾದರೆ ಪತ್ರದಲ್ಲಿಲ್ಲದ ಹಣವನ್ನು ಕೊಟ್ಟೆನೆಂದು ತೋರಿಸುವುದು ಕಷ್ಟ.

ಮುಂಗಡದ ದಿನ ಬರೆಯುವ ಕರಾರಿನಲ್ಲಿ ಒಂದು ಸಾಲು ಸೇರಿಸಿಕೊಳ್ಳಲು ಹೆಚ್ಚಿನ ಖರ್ಚೇನಿಲ್ಲ: ದಾಖಲೆಯಲ್ಲಿ ದೋಷ ಕಂಡುಬಂದರೆ ಅಥವಾ ಅದರಿಂದಾಗಿ ಬ್ಯಾಂಕ್ ಸಾಲ ನಿರಾಕರಿಸಿದರೆ ಇಂತಿಷ್ಟು ದಿನದೊಳಗೆ ಮುಂಗಡ ಹಿಂತಿರುಗಿಸತಕ್ಕದ್ದು. ಕಮಿಷನ್ನಿನ ಮಾತನ್ನೂ ಅಂದೇ ಮುಗಿಸಿಕೊಳ್ಳುವುದು ವಾಸಿ. ಕ್ರಯಪತ್ರ ನೋಂದಣಿಯಾದ ಮೇಲೂ ಖಾತೆ ಬದಲಾವಣೆ, ವಿದ್ಯುತ್ ಮತ್ತು ನೀರಿನ ಸಂಪರ್ಕಗಳ ಹೆಸರು ಬದಲಾವಣೆಗೆ ಓಡಾಟ ಉಳಿದಿರುತ್ತದೆ. ಕಮಿಷನ್ನಿನ ಒಂದು ಪಾಲನ್ನು ಹೊಸ ಖಾತೆ ಕೈಗೆ ಬಂದ ದಿನ ಪಡೆಯಲು ಒಪ್ಪುವ ದಳ್ಳಾಳಿಗಳೂ ಇದ್ದಾರೆ. ಅದನ್ನು ಮೊದಲ ಜಾಗ ನೋಡಲು ಹೊರಡುವ ಮುನ್ನವೇ ಕೇಳಿಕೊಳ್ಳಬೇಕು, ನೋಂದಣಿ ಕಚೇರಿಯ ಬಾಗಿಲಲ್ಲಿ ಕೇಳಿದರೆ ಜಗಳವಾಗುತ್ತದೆ.