ಕೈ ನೋಯುತ್ತದೆ ಎಂದು ರಂಗೋಲಿ ಬಿಡಬೇಕೆ? ಸಂಧಿವಾತದ ಜೊತೆ ಇಷ್ಟದ ಕೆಲಸ ಉಳಿಸಿಕೊಳ್ಳುವುದು ಹೇಗೆ

ಬೆಳಗ್ಗೆ ಆರು ಗಂಟೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಡಬ್ಬಿ ಕೈಗೆತ್ತಿಕೊಳ್ಳುತ್ತೀರಿ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಚಿಟಿಕೆ ಪುಡಿ ಹಿಡಿಯಲು ಹೋದರೆ ಬೆರಳು ಮಡಚುವುದೇ ಇಲ್ಲ. ನಾಲ್ಕು ಚುಕ್ಕಿ ಇಡುವಷ್ಟರಲ್ಲಿ ಕೈ ಸೋಲುತ್ತದೆ. ಒಳಗಿನಿಂದ ಮಗಳು, "ಬಿಡಮ್ಮಾ, ಸ್ಟಿಕ್ಕರ್ ಅಂಟಿಸಿದರಾಯಿತು" ಎನ್ನುತ್ತಾಳೆ. ಅವಳು ಹೇಳಿದ್ದು ಕಾಳಜಿಯಿಂದಲೇ. ಆದರೂ ಅಂದು ದಿನವಿಡೀ ಏನನ್ನೋ ಕಳೆದುಕೊಂಡ ಹಾಗೆ ಇರುತ್ತದೆ.

ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ನಾವು ಸಾಮಾನ್ಯವಾಗಿ ಸಂಧಿವಾತ ಎನ್ನುವ ಕಾಯಿಲೆ ಇರುವವರಿಗೆ ಈ ಅನುಭವ ಹೊಸದಲ್ಲ. ಅಡುಗೆ, ಆಫೀಸು, ಮಕ್ಕಳ ಕೆಲಸ ಹೇಗೋ ನಡೆಯುತ್ತವೆ. ಮೊದಲು ಬಿಟ್ಟುಹೋಗುವುದು ಇಷ್ಟಪಟ್ಟು ಮಾಡುತ್ತಿದ್ದ ಕೆಲಸ. ಅದು ಅಷ್ಟೇನೂ ಮುಖ್ಯವಲ್ಲ ಎಂದು ನಾವೇ ನಮಗೆ ಹೇಳಿಕೊಳ್ಳುತ್ತೇವೆ. ಈ ಲೇಖನ ಹೇಳಲು ಹೊರಟಿರುವುದು ಬೇರೆ: ಆ ಕೆಲಸವನ್ನು ಪೂರ್ತಿ ಬಿಡುವ ಮೊದಲು ಅದರ ಅಳತೆ, ಸಲಕರಣೆ ಮತ್ತು ಸಮಯವನ್ನು ಬದಲಿಸಿ ನೋಡಿ.

ಬೆರಳಿಗೆ ಆಗುವುದೇನು?

ಸೋಂಕಿನಿಂದ ನಮ್ಮನ್ನು ಕಾಪಾಡಬೇಕಾದ ರೋಗನಿರೋಧಕ ವ್ಯವಸ್ಥೆ, ಈ ಕಾಯಿಲೆಯಲ್ಲಿ ತಪ್ಪಾಗಿ ಕೀಲುಗಳ ಒಳಪದರದ ಮೇಲೆಯೇ ದಾಳಿ ಮಾಡುತ್ತದೆ. ಒಳಪದರ ಊದಿಕೊಳ್ಳುತ್ತದೆ, ಕೀಲು ಬಿಸಿಯಾಗುತ್ತದೆ, ನೋಯುತ್ತದೆ. ಹೆಚ್ಚಾಗಿ ಎರಡೂ ಕೈಗಳ ಸಣ್ಣ ಕೀಲುಗಳಲ್ಲಿ ಮತ್ತು ಮಣಿಕಟ್ಟಿನಲ್ಲಿ ಕಾಣಿಸಿಕೊಳ್ಳುತ್ತದೆ. ಬೆಳಗ್ಗೆ ಎದ್ದಾಗ ಕೈ ಹಿಡಿದುಕೊಂಡಂತಿರುವುದು, ಅದು ಬಿಡಲು ಒಂದು ಗಂಟೆಗೂ ಹೆಚ್ಚು ಬೇಕಾಗುವುದು ಇದರ ಮುಖ್ಯ ಲಕ್ಷಣ. ಗಂಡಸರಿಗಿಂತ ಹೆಂಗಸರಲ್ಲಿ ಎರಡರಿಂದ ಮೂರು ಪಟ್ಟು ಹೆಚ್ಚು.

ನೋವಿನಷ್ಟೇ ಕಾಡುವ ಇನ್ನೊಂದು ಸಂಗತಿ ಸುಸ್ತು. ಇದು ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ, ಕಾಯಿಲೆಯ ಭಾಗವೇ. ಆದ್ದರಿಂದ "ಸೋಮಾರಿಯಾಗಿದ್ದೇನೆ" ಎಂದು ನಿಮ್ಮನ್ನು ನೀವು ಬೈದುಕೊಳ್ಳಬೇಕಾಗಿಲ್ಲ.

ಸಂತೋಷದ ಕೆಲಸವೂ ಆರೋಗ್ಯದ ವಿಷಯವೇ?

ಹೌದು, ಆದರೆ ಅದರ ಮಿತಿಯನ್ನೂ ತಿಳಿದಿರಬೇಕು. ಕಲೆ ಮತ್ತು ಆರೋಗ್ಯದ ಸಂಬಂಧದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2019ರಲ್ಲಿ ಒಂದು ವರದಿ ಪ್ರಕಟಿಸಿತು. 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಆ ವರದಿ, ಹಾಡು, ಚಿತ್ರ, ನೃತ್ಯ, ಬರವಣಿಗೆಯಂಥ ಚಟುವಟಿಕೆಗಳು ದೀರ್ಘಕಾಲದ ಕಾಯಿಲೆ ಇರುವವರ ಮನಸ್ಸಿಗೂ ದಿನನಿತ್ಯದ ಬದುಕಿಗೂ ನೆರವಾಗಬಲ್ಲವು ಎಂದಿತು.

ಆದರೆ ರಂಗೋಲಿ ಹಾಕಿದರೆ ಕೀಲಿನ ಊತ ಇಳಿಯುವುದಿಲ್ಲ. ಅದಕ್ಕೆ ಔಷಧಿಯೇ ಬೇಕು. ಮೆಥೊಟ್ರೆಕ್ಸೇಟ್‌ನಂಥ ಔಷಧಿಯನ್ನು ವೈದ್ಯರು ಹೇಳಿದಂತೆ, ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳಬೇಕು. ಮನಸ್ಸು ಹಗುರವಾಗಿದೆ, ನೋವು ಕಡಿಮೆಯಾಗಿದೆ ಎಂದು ನೀವಾಗಿಯೇ ನಿಲ್ಲಿಸಬಾರದು. ಕಾಯಿಲೆ ಹಿಡಿತದಲ್ಲಿದ್ದರೆ ಕೈ ಉಳಿಯುತ್ತದೆ. ಕೈ ಉಳಿದರೆ ತಾನೆ ಚುಕ್ಕಿ ಇಡುವುದು?

ರೆನ್ವಾರ್ ಕೈಯಲ್ಲಿ ಕುಂಚ

ಫ್ರಾನ್ಸಿನ ಪ್ರಸಿದ್ಧ ಚಿತ್ರಕಾರ ಪಿಯೇರ್ ಆಗಸ್ಟ್ ರೆನ್ವಾರ್ (1841–1919) ಅವರಿಗೆ ಸುಮಾರು 50ರ ವಯಸ್ಸಿನಲ್ಲಿ ಈ ಕಾಯಿಲೆ ಬಂತು. ಆಗ ಮೆಥೊಟ್ರೆಕ್ಸೇಟ್ ಇರಲಿಲ್ಲ. ಬೆರಳುಗಳು ಅಂಗೈಯೊಳಕ್ಕೆ ಮಡಚಿಕೊಂಡವು, ಭುಜ ಬಿಗಿಯಿತು, ಕೊನೆಯ ವರ್ಷಗಳಲ್ಲಿ ಗಾಲಿಕುರ್ಚಿಯೇ ಗತಿಯಾಯಿತು. ಆದರೂ ಸಾಯುವ ವರ್ಷದವರೆಗೆ ಚಿತ್ರ ಬಿಡಿಸಿದರು.

ಅವರ ಕೈಗೆ ಕುಂಚವನ್ನು ಕಟ್ಟುತ್ತಿದ್ದರು ಎಂಬ ಕತೆ ಬಹಳ ಪ್ರಚಾರದಲ್ಲಿದೆ. ವಾಸ್ತವದಲ್ಲಿ ಆ ಬಟ್ಟೆಯ ಪಟ್ಟಿ ಅಂಗೈ ಚರ್ಮದ ರಕ್ಷಣೆಗೆ. ಕುಂಚವನ್ನು ಜೊತೆಗಿದ್ದವರು ಬೆರಳುಗಳ ನಡುವೆ ಇಡುತ್ತಿದ್ದರು, ಅವರು ಹಿಡಿದುಕೊಳ್ಳುತ್ತಿದ್ದರು. ಎತ್ತರಕ್ಕೆ ಕೈ ಚಾಚಲು ಆಗದಿದ್ದಾಗ ಕ್ಯಾನ್ವಾಸನ್ನೇ ಉರುಳೆಗಳಿಗೆ ಸುತ್ತಿ, ಬೇಕಾದ ಭಾಗ ಕೈಗೆ ಎಟುಕುವಂತೆ ಮಾಡಿಕೊಂಡರು. 1913ರಿಂದ ರಿಚರ್ಡ್ ಗಿನೋ ಎಂಬ ಯುವ ಶಿಲ್ಪಿಯ ಕೈಗಳ ಮೂಲಕ ಶಿಲ್ಪಗಳನ್ನೂ ಮಾಡಿಸಿದರು. ಕಲ್ಪನೆ ಇವರದು, ಮಣ್ಣು ಮುಟ್ಟುವ ಕೈ ಅವರದು.

ಇದನ್ನು ಹೇಳುತ್ತಿರುವುದು "ರೆನ್ವಾರ್ ಮಾಡಿದರು, ನೀವೇಕೆ ಮಾಡಬಾರದು?" ಎಂದು ಕೇಳಲು ಅಲ್ಲ. ಅವರ ಸುತ್ತ ನೆರವಿಗೆ ಜನರಿದ್ದರು, ಹಣವೂ ಇತ್ತು. ನಾವು ತೆಗೆದುಕೊಳ್ಳಬಹುದಾದ ಪಾಠ ಒಂದೇ: ಕೈಯನ್ನು ಕೆಲಸಕ್ಕೆ ಬಗ್ಗಿಸಲು ಹೋಗದೆ, ಕೆಲಸವನ್ನು ಕೈಗೆ ತಕ್ಕಂತೆ ಬಗ್ಗಿಸಿಕೊಳ್ಳುವುದು.

ಕೈಗೆ ತಕ್ಕಂತೆ ಕೆಲಸ

ಸಂಧಿವಾತದ ಕೈಗೆ ಹೆಚ್ಚು ಕಷ್ಟ ಕೊಡುವುದು ಸಣ್ಣ ವಸ್ತುವನ್ನು ಬಿಗಿಯಾಗಿ, ಬಹಳ ಹೊತ್ತು ಚಿಮುಟಿ ಹಿಡಿಯುವುದು. ಆದ್ದರಿಂದ ಹಿಡಿತ ದಪ್ಪವಾಗಲಿ, ಸಡಿಲವಾಗಲಿ, ಆಗಾಗ ಬದಲಾಗಲಿ.

• ರಂಗೋಲಿ: ಬಗ್ಗಿ, ಕುಕ್ಕರಗಾಲಲ್ಲಿ ಕೂತು ಬಿಡಿಸುವ ಬದಲು ಅಗಲವಾದ ಮಣೆಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಬಿಡಿಸಿ. ಮುಗಿದ ಮೇಲೆ ಮನೆಯವರು ಬಾಗಿಲ ಬಳಿ ಇಡಲಿ. ಫ್ಲ್ಯಾಟುಗಳಲ್ಲಿ ಹೊಸಿಲ ಮುಂದೆ ಸಿಗುವ ಜಾಗವೂ ಅಷ್ಟೇ ತಾನೆ? ಚಿಟಿಕೆ ಹಿಡಿಯಲು ಆಗದಿದ್ದರೆ ಪುಡಿ ತಾನಾಗಿ ಇಳಿಯುವ ಕೊಳವೆ ಬಳಸಿ, ಅಥವಾ ದಪ್ಪ ಕುಂಚದಿಂದ ಅಕ್ಕಿಹಿಟ್ಟಿನ ನೀರಿನಲ್ಲಿ ಬರೆಯಿರಿ. ಹದಿನೈದು ಚುಕ್ಕಿಯ ಬದಲು ಐದು ಚುಕ್ಕಿ ಸಾಕು.

• ಕಸೂತಿ: ಧಾರವಾಡದ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗೆ, ಮೆಂಥೆ ಎಂಬ ನಾಲ್ಕು ಹೊಲಿಗೆಗಳಿವೆ. ಎಲ್ಲವೂ ಎಳೆ ಎಣಿಸಿ ಹಾಕುವಂಥವು. ಇಳಕಲ್ ಸೀರೆಯ ಸಣ್ಣ ಎಳೆ ಈಗ ಬೇಡ. ಚೌಕ ಎದ್ದು ಕಾಣುವ ಮ್ಯಾಟಿ ಬಟ್ಟೆ, ದಪ್ಪ ಸೂಜಿ ತೆಗೆದುಕೊಳ್ಳಿ. ಬಟ್ಟೆಯ ಚೌಕಟ್ಟನ್ನು ಮೇಜಿಗೆ ಕ್ಲಿಪ್ ಹಾಕಿ ಕೂರಿಸಿದರೆ ಒಂದು ಕೈಗೆ ಪೂರ್ತಿ ಬಿಡುವು.

• ಬರಹ, ಚಿತ್ರ: ಪೆನ್ನಿಗೆ ಸ್ಪಾಂಜು ಅಥವಾ ಹಳೆ ಬಟ್ಟೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ದಪ್ಪ ಮಾಡಿ. ಒತ್ತದೆ ಬರೆಯಬಹುದಾದ ಜೆಲ್ ಪೆನ್, ಸ್ಕೆಚ್ ಪೆನ್ ಒಳ್ಳೆಯದು. ಅದೂ ಆಗದ ದಿನ ಫೋನಿಗೆ ಹೇಳಿ. ಈಗ ಕನ್ನಡದಲ್ಲಿ ಮಾತಾಡಿದರೂ ಅಕ್ಷರವಾಗುತ್ತದೆ.

• ಹಾಡು: ವೀಣೆ, ಹಾರ್ಮೋನಿಯಂ ನುಡಿಸುವುದು ಕಷ್ಟವಾದಾಗ ಕಂಠ ಉಳಿದಿರುತ್ತದೆ. ಭಜನೆಯೋ ಭಾವಗೀತೆಯೋ, ಹಾಡಿಕೊಳ್ಳಿ. ಒಂದು ಎಚ್ಚರಿಕೆ: ಅಪರೂಪಕ್ಕೆ ಈ ಕಾಯಿಲೆ ಧ್ವನಿಪೆಟ್ಟಿಗೆಯ ಕೀಲುಗಳಿಗೂ ತಾಗುತ್ತದೆ. ಧ್ವನಿ ಒಡೆದು ಹಾಗೆಯೇ ಉಳಿದರೆ ವೈದ್ಯರಿಗೆ ತಿಳಿಸಿ. ಉಸಿರಾಡಲು ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಕೈಗೆ ವ್ಯಾಯಾಮವೂ ಬೇಕು. ಬ್ರಿಟನ್ನಿನಲ್ಲಿ 490 ಮಂದಿ ಸಂಧಿವಾತ ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಔಷಧಿಯ ಜೊತೆ ಕೈಯನ್ನು ಚಾಚುವ ಮತ್ತು ಬಲಪಡಿಸುವ ವ್ಯಾಯಾಮ ಕಲಿತವರ ಕೈಗಳು ಕೆಲಸಕ್ಕೆ ಹೆಚ್ಚು ಒದಗಿದವು, ನೋವೂ ಹೆಚ್ಚಲಿಲ್ಲ. ಫಿಸಿಯೋಥೆರಪಿಸ್ಟ್ ಅಥವಾ ಆಕ್ಯುಪೇಶನಲ್ ಥೆರಪಿಸ್ಟ್ ಬಳಿ ಹೋದಾಗ "ನನಗೆ ರಂಗೋಲಿ ಹಾಕಬೇಕು", "ನನಗೆ ಹೊಲಿಯಬೇಕು" ಎಂದೇ ಹೇಳಿ. "ಕೈ ನೋವು" ಎನ್ನುವುದಕ್ಕಿಂತ ಅದರಿಂದ ಅವರಿಗೆ ಹೆಚ್ಚು ತಿಳಿಯುತ್ತದೆ.

ಎಷ್ಟು ಹೊತ್ತು ಮಾಡಬಹುದು?

ನೆನಪಿಡಲು ಸುಲಭವಾದ ಒಂದು ಲೆಕ್ಕವಿದೆ. ಕೆಲಸ ಮುಗಿಸಿ ಎರಡು ಗಂಟೆಯಾದ ಮೇಲೂ ನೋವು ಮೊದಲಿಗಿಂತ ಹೆಚ್ಚಾಗಿಯೇ ಇದ್ದರೆ, ಅಂದು ಮಾಡಿದ್ದು ಜಾಸ್ತಿಯಾಯಿತು ಎಂದರ್ಥ. ಮುಂದಿನ ಬಾರಿ ಹೊತ್ತನ್ನು ಕಡಿಮೆ ಮಾಡಿ. ಪೂರ್ತಿ ಬಿಡಬೇಕಾಗಿಲ್ಲ.

ಮೊದಲಿಗೆ ಹತ್ತು ನಿಮಿಷ ಸಾಕು. ಫೋನಿನಲ್ಲಿ ಅಲಾರಂ ಇಡಿ. "ಇನ್ನೊಂದು ಎಳೆ ಹಾಕಿಬಿಡುತ್ತೇನೆ" ಎನ್ನಿಸುವಾಗಲೇ ನಿಲ್ಲಿಸಿ. ಬೆಳಗಿನ ಬಿಗಿತ ಬಿಟ್ಟ ಮೇಲೆ, ಬಿಸಿನೀರಲ್ಲಿ ಕೈ ಅದ್ದಿ ಶುರು ಮಾಡಿದರೆ ಹಗುರ. ಮೆಥೊಟ್ರೆಕ್ಸೇಟ್ ತೆಗೆದುಕೊಂಡ ಮರುದಿನ ಹಲವರಿಗೆ ಸುಸ್ತು, ವಾಕರಿಕೆ ಇರುತ್ತದೆ. ಅಂದು ಬೇರೇನೂ ಇಟ್ಟುಕೊಳ್ಳಬೇಡಿ. ಕೀಲು ಕೆಂಪಾಗಿ, ಬಿಸಿಯಾಗಿ ಊದಿದ್ದರೆ ಆ ಕೈಗೆ ವಿಶ್ರಾಂತಿ ಕೊಡಿ, ಅದು ಇಳಿಯದಿದ್ದರೆ ವೈದ್ಯರಿಗೆ ಹೇಳಿ.

ಏನೂ ಮಾಡಲಾಗದ ದಿನಗಳು, ವಾರಗಳು ಬರುತ್ತವೆ. ಆಗ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಚರ್ಮ ಗಟ್ಟಿಯಾಗುವ ಸ್ಕ್ಲೀರೋಡರ್ಮಾ ಎಂಬ ಕಾಯಿಲೆ ಇತ್ತೆಂದು ಹೇಳಲಾಗುವ ಚಿತ್ರಕಾರ ಪಾಲ್ ಕ್ಲೀ, 1936ರಲ್ಲಿ ಇಡೀ ವರ್ಷ ಮಾಡಿದ್ದು ಸುಮಾರು 25 ಚಿತ್ರ. 1939ರಲ್ಲಿ ಮಾಡಿದ್ದು 1200ಕ್ಕೂ ಹೆಚ್ಚು. ಆ ಹೊತ್ತಿಗೆ ಅವರ ಗೆರೆಗಳು ದಪ್ಪವಾಗಿದ್ದವು, ಸರಳವಾಗಿದ್ದವು.

ನೋವಿಗೆ ಕನ್ನಡದಲ್ಲಿ ಹೆಸರಿಡಿ

ಊರು ಬಿಟ್ಟು ಬೇರೆ ಭಾಷೆಯ ನಗರದಲ್ಲಿರುವವರಿಗೆ ಇನ್ನೊಂದು ಕಷ್ಟವಿದೆ. ಡಾಕ್ಟರ ಮುಂದೆ ಹಿಂದಿಯಲ್ಲೋ ಮರಾಠಿಯಲ್ಲೋ ತಮಿಳಿನಲ್ಲೋ ಹೇಳುವಾಗ ಎಲ್ಲವೂ "ನೋವು" ಎಂಬ ಒಂದೇ ಮಾತಿಗೆ ಇಳಿದುಬಿಡುತ್ತದೆ. ನಮ್ಮ ಭಾಷೆಯಲ್ಲಾದರೋ ಸೆಳೆತ ಬೇರೆ, ಉರಿ ಬೇರೆ, ಚಳಕು ಬೇರೆ, ಜೋಮು ಬೇರೆ, ಹಿಡಿದುಕೊಳ್ಳುವುದು ಬೇರೆ. ಇವುಗಳ ವ್ಯತ್ಯಾಸ ವೈದ್ಯರಿಗೂ ಮುಖ್ಯ. ಜೋಮು ನರದ ತೊಂದರೆಯನ್ನು ಸೂಚಿಸಬಹುದು, ಬೆಳಗಿನ ಹಿಡಿತ ಕೀಲಿನ ಊತವನ್ನು.

ಆದ್ದರಿಂದ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನಕ್ಕೆ ಮೂರು ಸಾಲು, ಕನ್ನಡದಲ್ಲೇ. ಒಂದು ಸಾಲು ದೇಹದ್ದು, ಒಂದು ಮನಸ್ಸಿನದು, ಇನ್ನೊಂದು ಕಾಯಿಲೆಗೆ ಸಂಬಂಧವೇ ಇಲ್ಲದ್ದು: ಕಿಟಕಿಯಲ್ಲಿ ಕಂಡ ಗುಬ್ಬಿ, ಅಜ್ಜಿ ಮಾಡುತ್ತಿದ್ದ ತಂಬುಳಿ, ಏನಾದರೂ ಸರಿ.

ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಸ್ತಮಾ ಮತ್ತು ಸಂಧಿವಾತ ಇದ್ದ ಕೆಲವರು ತಮ್ಮ ಬದುಕಿನ ಅತಿ ಕಷ್ಟದ ಘಟನೆಯ ಬಗ್ಗೆ ಮೂರು ದಿನ, ದಿನಕ್ಕೆ 20 ನಿಮಿಷ ಬರೆದರು. ನಾಲ್ಕು ತಿಂಗಳ ನಂತರ, ಮಾಮೂಲಿ ವಿಷಯ ಬರೆದವರಿಗಿಂತ ಅವರ ಸ್ಥಿತಿ ಉತ್ತಮವಾಗಿತ್ತು. ನಂತರದ ಅಧ್ಯಯನಗಳಲ್ಲಿ ಫಲ ಒಂದೇ ರೀತಿ ಬರಲಿಲ್ಲ. ಹಾಗಾಗಿ ಇದು ಚಿಕಿತ್ಸೆಯಲ್ಲ. ಬರೆಯುತ್ತಾ ಮನಸ್ಸು ಹಗುರವಾದರೆ ಮುಂದುವರಿಸಿ, ಭಾರವಾಗುತ್ತಾ ಹೋದರೆ ನಿಲ್ಲಿಸಿ.

ಮನೆಯವರು ಏನು ಮಾಡಬಹುದು?

• ಕೆಲಸವನ್ನು ಕೈಯಿಂದ ಕಸಿದುಕೊಳ್ಳಬೇಡಿ. "ಬಿಡು, ನಾನು ಮಾಡ್ತೀನಿ" ಎನ್ನುವ ಮೊದಲು "ಯಾವುದು ಕಷ್ಟ ಆಗ್ತಿದೆ?" ಎಂದು ಕೇಳಿ. ಡಬ್ಬಿಯ ಮುಚ್ಚಳ ತೆಗೆಯುವುದು, ಸೂಜಿಗೆ ದಾರ ಪೋಣಿಸುವುದು, ಮಣೆ ಎತ್ತಿಡುವುದು ನಿಮ್ಮ ಪಾಲು. ಉಳಿದದ್ದು ಅವರದು.

• ನಿನ್ನೆ ಮಾಡಿದವರು ಇಂದು ಏಕೆ ಮಾಡಲಾರರು ಎಂದು ಅನುಮಾನಿಸಬೇಡಿ. ಈ ಕಾಯಿಲೆ ದಿನಕ್ಕೊಂದು ಥರ ಇರುತ್ತದೆ.

• "ರಂಗೋಲಿ ಹಾಕಲು ಶಕ್ತಿ ಇದೆ, ಪಾತ್ರೆ ತೊಳೆಯಲು ಇಲ್ಲವೇ?" ಎಂಬ ಮಾತು ಮನೆಯಲ್ಲಿ ಬರುವುದೇ ಬೇಡ. ಇರುವ ಅಲ್ಪ ಶಕ್ತಿಯಲ್ಲಿ ಸ್ವಲ್ಪವನ್ನು ಸಂತೋಷಕ್ಕೆ ಇಟ್ಟುಕೊಳ್ಳುವುದು ತಪ್ಪಲ್ಲ.

• ನೋಡಿಕೊಳ್ಳುವ ನಿಮಗೂ ವಾರದಲ್ಲಿ ಒಂದು ಗಂಟೆ ನಿಮ್ಮದೇ ಆಗಿರಲಿ. ಹತ್ತಿರದ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಇಬ್ಬರೂ ಹೋಗಿ ಬನ್ನಿ. ಸಾಧ್ಯವಾದರೆ ಕೈ ಇರುವ ಕುರ್ಚಿಯನ್ನು ಮೊದಲೇ ಕೇಳಿಡಿ.

ಯಾವುದರಲ್ಲೂ ಮನಸ್ಸಿಲ್ಲದಿದ್ದರೆ?

ಕೈ ಆಡದಿರುವುದು ಬೇರೆ, ಮನಸ್ಸೇ ಇಲ್ಲದಿರುವುದು ಬೇರೆ. ಎರಡು ವಾರ ಕಳೆದರೂ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಇಲ್ಲ, ಬದುಕೇ ಸಾಕೆನಿಸುತ್ತಿದೆ ಎಂದಾದರೆ ಅದು ಖಿನ್ನತೆ ಇರಬಹುದು. ಸಂಧಿವಾತ ಇರುವವರಲ್ಲಿ ಇದು ಇತರರಿಗಿಂತ ಹೆಚ್ಚು, ಇದಕ್ಕೆ ಚಿಕಿತ್ಸೆಯೂ ಇದೆ. ಕೀಲಿನ ವೈದ್ಯರಿಗೇ ಮೊದಲು ಹೇಳಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇರುತ್ತದೆ. ನೀವು ಯಾವ ರಾಜ್ಯದಲ್ಲಿದ್ದರೂ ಕರೆ ಮಾಡಬಹುದು, ಅಲ್ಲಿ ಕನ್ನಡವೂ ಒಂದು ಆಯ್ಕೆ.

ಕಳೆದುಹೋದದ್ದಕ್ಕೆ ದುಃಖಪಡುವುದೂ ತಪ್ಪಲ್ಲ. ಮೂವತ್ತು ವರ್ಷ ವೀಣೆ ನುಡಿಸಿದವರಿಗೆ "ಬದಲಿಗೆ ಹಾಡಿಕೊಳ್ಳಿ" ಎಂಬ ಸಲಹೆ ಸಾಲದು. ಅಳು ಬಂದರೆ ಅಳಿ. ಹಳೆಯದನ್ನು ಹಾಗೆಯೇ ಮರಳಿ ತರಲು ಎಲ್ಲರಿಗೂ ಆಗುವುದಿಲ್ಲ.

ಆದರೆ ನಾಳೆ ಬೆಳಗ್ಗೆ, ಬಿಗಿತ ಬಿಟ್ಟ ಮೇಲೆ, ಬಿಸಿನೀರಲ್ಲಿ ಕೈ ಅದ್ದಿ, ಮೇಜಿನ ಮೇಲೆ ಒಂದು ಮಣೆ ಇಟ್ಟು ನೋಡಿ. ಐದು ಚುಕ್ಕಿ. ಗೆರೆ ಸ್ವಲ್ಪ ಸೊಟ್ಟಗಾದರೆ ಆಗಲಿ. ಮಗಳನ್ನು ಕರೆದು, ಅದನ್ನು ಬಾಗಿಲಿಗೆ ಇಡಲು ಹೇಳಿ.